ಬೇಸಿಗೆಯ ಬೆಂಕಿ, ಶ್ರಾವಣದ ರಾಡಿ

(ರವಿವಾರ ಪೇಟೆಯಲ್ಲಿ ಹಮಾಲರು, ಗಿರಣಿ ಕಾಮಗಾರರು, ನೇಕಾರರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯ ವಿಷಯವನ್ನು ಹಲಗೆಯ ಮೇಲೆ ಬರೆದು ನಿಲ್ಲಿಸಿದ ದಿನವೇ ನಮ್ಮ ಪೇಟೆಯ ವ್ಯಾಪಾರಸ್ಥರೊಬ್ಬರು ನಮ್ಮನ್ನು ತಡೆದು ಕೇಳಿದರು: "ಅಲ್ರೀ, ಖಾನಾಪುರದ ಆಚೆ ಗುಡ್ಡಕ್ಕ ಬೆಂಕಿ ಬಿದ್ರ ನಮ್ಮ ಗಲ್ಲಾಕ್ಕ ಏನ್ ಆಗ್ತದ? ಮಿರ್ಗಕ್ಕ ಇನ್ನೂ ಎರಡು ತಿಂಗಳು ಅದ. ಈಗ್ಯಾಕ ಮಳೀ ಮಾತು?"

ಪ್ರಶ್ನೆ ಸರಿಯಾಗಿಯೇ ಇದೆ. ವ್ಯಾಪಾರಸ್ಥನು ಪ್ರತಿಯೊಂದು ಮಾತಿಗೂ ಲೆಕ್ಕ ಕೇಳಬೇಕು. ಕೂಲಿಕಾರನಂತೂ ಕೇಳಲೇಬೇಕು. ಆದುದರಿಂದ ಇಂದು ನಾವು ಲೆಕ್ಕವನ್ನೇ ಹೇಳುತ್ತೇವೆ. ಫಾಲ್ಗುಣ, ಚೈತ್ರದಲ್ಲಿ ಗುಡ್ಡಕ್ಕೆ ಬೀಳುವ ಬೆಂಕಿ ಮತ್ತು ಶ್ರಾವಣದಲ್ಲಿ ಗುಡ್ಡದಿಂದ ಇಳಿಯುವ ರಾಡಿ ಎರಡು ಬೇರೆ ಬೇರೆ ಸುದ್ದಿಗಳಲ್ಲ. ಅವು ಒಂದೇ ಖಾತೆಯ ಎರಡು ಪುಟಗಳು. ಬೇಸಿಗೆಯಲ್ಲಿ ಮಾಡಿದ ಸಾಲವನ್ನು ಮಳೆಗಾಲ ವಸೂಲು ಮಾಡುತ್ತದೆ. ಸಾಲ ಮಾಡಿದವನೊಬ್ಬ, ತೀರಿಸುವವನೊಬ್ಬ ಎಂಬುದೇ ನಮ್ಮ ತಕರಾರು.

ಮೊದಲು ನೀರಿನ ತೂಕ ನೋಡೋಣ. ಒಂದು ಎಕರೆ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ನಾಲ್ಕು ಸಾವಿರ ಲೀಟರು, ಅಂದರೆ ನಾಲ್ಕು ಟನ್ನು ನೀರು. ಒಂದು ದಿನಕ್ಕೆ 200 ಮಿ.ಮೀ. ಮಳೆ ಖಾನಾಪುರ ತಾಲೂಕಿನ ಘಟ್ಟದ ಸೆರಗಿನಲ್ಲಿ ಕಾಣದ ಸಂಗತಿಯಲ್ಲ. ಅಷ್ಟು ಬಿದ್ದರೆ ಒಂದು ಎಕರೆಯ ಮೇಲೆ 800 ಟನ್ನು ನೀರು. ಇಲ್ಲಿ ಕುಳಿತ ಹಮಾಲ ಬಂಧುಗಳ ಭಾಷೆಯಲ್ಲಿ ಹೇಳಬೇಕೆಂದರೆ ಅರ್ಧ ಕ್ವಿಂಟಲಿನ 16 ಸಾವಿರ ಚೀಲ! ಒಂದೇ ದಿನದಲ್ಲಿ, ಒಂದೇ ಎಕರೆಯ ಮೇಲೆ, ಅದೂ ಇಳಿಜಾರಿನಲ್ಲಿ. ಬೆಳಗಾವಿ ನಗರಕ್ಕೆ ವರ್ಷಕ್ಕೆ ಸುಮಾರು 1,200ರಿಂದ 1,300 ಮಿ.ಮೀ. ಮಳೆಯಾದರೆ, ಇಲ್ಲಿಂದ ಸುಮಾರು 50 ಕಿಲೋಮೀಟರ್ ದೂರದ ಕಣಕುಂಬಿಯ ಕಡೆಗೆ ಅದರ ಎರಡು ಮೂರು ಪಟ್ಟು ಸುರಿಯುತ್ತದೆ.

ಈ ಚೀಲಗಳನ್ನೆಲ್ಲ ಇಷ್ಟು ಕಾಲ ಇಳಿಸಿಕೊಂಡವರು ಯಾರು? ಕಾಡು. ಮರದ ಎಲೆ ಹನಿಯ ಪೆಟ್ಟನ್ನು ಮೊದಲು ತಿನ್ನುತ್ತದೆ. ಕೆಳಗೆ ಬಿದ್ದ ತರಗೆಲೆ ಹಾಸಿಗೆಯಂತೆ ನೀರನ್ನು ಹಿಡಿದು ಮೆಲ್ಲಗೆ ಮಣ್ಣಿಗೆ ಬಿಡುತ್ತದೆ. ಬೇರುಗಳು ಮಣ್ಣನ್ನು ಹಗ್ಗದಂತೆ ಕಟ್ಟಿ ಹಿಡಿಯುತ್ತವೆ. ಪಗಾರವಿಲ್ಲದೆ ದುಡಿಯುವ ಹಮಾಲನೆಂದರೆ ಕಾಡೇ.

ಬೆಂಕಿ ಬಿದ್ದಾಗ ಏನಾಗುತ್ತದೆ? ತರಗೆಲೆಯ ಹಾಸಿಗೆ ಉರಿದು ಬೂದಿಯಾಗುತ್ತದೆ. ಬೂದಿ ಮತ್ತು ನುಣ್ಣನೆಯ ಮಣ್ಣು ಸೇರಿ ನೆಲದ ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ. ಬೆಂಕಿ ಬಲವಾಗಿದ್ದಲ್ಲಿ ಎಲೆ, ತೊಗಟೆಯ ಜಿಡ್ಡು ಆವಿಯಾಗಿ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ. ಆಗ ನೆಲ ಎಣ್ಣೆ ಸವರಿದ ತಟ್ಟೆಯಂತಾಗಿ ನೀರನ್ನು ಒಳಗೆ ಬಿಡುವುದಿಲ್ಲ. ಮೇಲಿನಿಂದ ಮಳೆ ಬಿದ್ದ ಕೂಡಲೇ ನೀರು ಓಡುತ್ತದೆ. ಓಡುವಾಗ ಬೂದಿ, ಮಣ್ಣು, ಕಲ್ಲು, ಅರೆಬೆಂದ ಮರ ಎಲ್ಲವನ್ನೂ ಬಾಚಿಕೊಂಡು ಹಳ್ಳಕ್ಕೆ ಬೀಳುತ್ತದೆ. ಅದು ನೀರಿನ ಪೂರ ಅಲ್ಲ, ಹಸಿ ಕಾಂಕ್ರೀಟಿನ ಪೂರ. ನೀರು ಎತ್ತಲಾರದ ಬಂಡೆಯನ್ನು ಆ ರಾಡಿ ಎತ್ತಿಕೊಂಡು ಬರುತ್ತದೆ. ಇದಲ್ಲದೆ ಇನ್ನೊಂದು ಗುಪ್ತ ಸಾಲವಿದೆ. ಸತ್ತ ಮರದ ಬೇರು ಅದೇ ವರ್ಷ ಕೊಳೆಯುವುದಿಲ್ಲ; ಎರಡು, ಮೂರು, ನಾಲ್ಕು ವರ್ಷಕ್ಕೆ ಕೊಳೆಯುತ್ತದೆ. ಗುಡ್ಡ ಹಸುರಾಗಿ ಕಂಡರೂ ಒಳಗಿನ ಹಗ್ಗ ಕಡಿದಿರುತ್ತದೆ. ಬೆಂಕಿಯನ್ನು ಜನ ಮರೆತ ಮೇಲೆ ಆ ಸಾಲದ ಬಡ್ಡಿ ಬರುತ್ತದೆ.

ಇದು ಪುಸ್ತಕದ ಮಾತಷ್ಟೇ ಎನ್ನಬೇಡಿರಿ. ಅಮೇರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಮೊಂಟೆಸಿಟೊ ಎಂಬ ಊರಿದೆ. ದೊಡ್ಡ ಸಿರಿವಂತರ ಊರು. 2017ರ ಡಿಸೆಂಬರದಲ್ಲಿ ಅದರ ಹಿಂದಿನ ಗುಡ್ಡಗಳೆಲ್ಲ ಉರಿದುಹೋದವು. 2018ರ ಜನವರಿ 9ರ ನಸುಕಿನಲ್ಲಿ ಜೋರು ಮಳೆ ಬಂತು. ಒಂದು ಕಡೆ ಐದೇ ನಿಮಿಷಗಳಲ್ಲಿ ಅರ್ಧ ಇಂಚು ಮಳೆಯಾಯಿತು. ಕಲ್ಲು-ರಾಡಿ ಮನೆಗಳ ಮೇಲೆ ನುಗ್ಗಿ 23 ಜನ ಸತ್ತರು. ಅಲ್ಲಿಯ ಹೆದ್ದಾರಿ ಎರಡು ವಾರದ ಹತ್ತಿರ ಮುಚ್ಚಿತು. ಮುನ್ಸೂಚನೆ ಇರಲಿಲ್ಲವೆಂದಲ್ಲ, ಇತ್ತು. ಆದರೆ ಕೆಲವು ಓಣಿಗಳಿಗೆ "ಹೊರಡಲೇಬೇಕು" ಎಂದೂ, ಉಳಿದವಕ್ಕೆ "ಹೊರಟರೆ ಒಳ್ಳೆಯದು" ಎಂದೂ ಹೇಳಿದ್ದರು. ಸತ್ತವರಲ್ಲಿ ಹೆಚ್ಚಿನವರು "ಹೊರಟರೆ ಒಳ್ಳೆಯದು" ಎಂಬ ಓಣಿಗಳಲ್ಲಿದ್ದವರು. ಹಣ, ಯಂತ್ರ, ದೂರವಾಣಿ ಎಲ್ಲವೂ ಇದ್ದ ದೇಶದಲ್ಲಿ ಇಷ್ಟಾದರೆ, ಗುಡ್ಡದ ಅಡಿಯ ಗುಡಿಸಲಿನಲ್ಲಿ ಮೊಬೈಲಿಗೆ ಸಂಕೇತವೂ ಸಿಗದ ನಮ್ಮ ಬಂಧುಗಳ ಗತಿ ಏನು?

ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ನಮ್ಮ ಘಟ್ಟದ ಬೆಂಕಿ ಬಹುತೇಕ ನೆಲದ ಬೆಂಕಿ. ಹುಲ್ಲು, ತರಗು, ಪೊದೆ ಸುಡುತ್ತದೆ. ಕ್ಯಾಲಿಫೋರ್ನಿಯಾದಂತೆ ಮರದ ತಲೆಯಿಂದ ತಲೆಗೆ ಹಾರುವ ಬೆಂಕಿಯಲ್ಲ. ಬೆಂಕಿಯೊಂದೇ ಇಲ್ಲಿ ಗುಡ್ಡವನ್ನು ಇಳಿಸುವುದಿಲ್ಲ. ಹಲವು ದಿನಗಳ ಮಳೆ ಗುಡ್ಡದ ಹೊಟ್ಟೆ ತುಂಬಿಸುತ್ತದೆ, ರಸ್ತೆಗಾಗಿ ಕಡಿದ ಬುಡ ಆಧಾರ ಕಳೆಯುತ್ತದೆ, ಮುಚ್ಚಿದ ಮೋರಿ ನೀರನ್ನು ನಿಲ್ಲಿಸುತ್ತದೆ. ಈ ಮೂರರ ಜೊತೆಗೆ ಬೆತ್ತಲೆ ನೆಲ ಸೇರಿದರೆ ನಾಲ್ಕು ಕೈ ಕೂಡಿ ದೂಡಿದಂತೆ. ನಾಲ್ಕರಲ್ಲಿ ಮಳೆಯೊಂದನ್ನು ಬಿಟ್ಟರೆ ಉಳಿದ ಮೂರೂ ಮನುಷ್ಯರ ಕೈಗಳೇ.

ಈಗ ಪಂಚಾಂಗ ತೆಗೆದು ನೋಡಿರಿ. ಮಳೆ ನಕ್ಷತ್ರಗಳ ಹೆಸರು ನಿಮಗೆಲ್ಲ ಬಾಯಿಪಾಠ. 2014ರ ಜುಲೈ 30ರಂದು ಪುಣೆ ಜಿಲ್ಲೆಯ ಮಾಳಿಣ ಗ್ರಾಮದ ಮೇಲೆ ಗುಡ್ಡ ಕುಸಿದು ಸುಮಾರು 150 ಜನ ಸತ್ತರು: ಪುಷ್ಯ ಮಳೆ. 2018ರ ಆಗಸ್ಟ್ ನಡುವಿನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಕಡೆಗೆ ಗುಡ್ಡಗಳು ಇಳಿದವು: ಆಶ್ಲೇಷಾ ಮಳೆ. 2020ರ ಆಗಸ್ಟ್ 6ರಂದು ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು: ಮತ್ತೆ ಆಶ್ಲೇಷಾ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರು: ಪುನರ್ವಸು. ಅದೇ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ: ಪುಷ್ಯ. ಅಲ್ಲಿ 48 ಗಂಟೆಗಳಲ್ಲಿ 570 ಮಿ.ಮೀ. ಮೀರಿ ಮಳೆ ಸುರಿದು 250ಕ್ಕೂ ಹೆಚ್ಚು ಜನ ಸತ್ತರು. ಇವೆಲ್ಲ ಬೆಂಕಿ ಬಿದ್ದ ಗುಡ್ಡಗಳೆಂದು ನಾವು ಹೇಳುತ್ತಿಲ್ಲ. ಆದರೆ ಮಿರ್ಗ, ಆರಿದ್ರೆಯಲ್ಲಿ ನೆನೆದ ನೆಲ ಪುನರ್ವಸುವಿನಿಂದ ಆಶ್ಲೇಷಾದವರೆಗೆ ತುಂಬಿ ತುಳುಕುತ್ತದೆಂಬುದು ಈ ತಾರೀಖುಗಳಿಂದ ತಿಳಿಯುತ್ತದೆ. ಗಂಡಾಂತರದ ತಿಂಗಳು ಯಾವುದೆಂದು ನಮಗೆ ಮೊದಲೇ ಗೊತ್ತಿದೆ. ಗೊತ್ತಿದ್ದೂ ಸುಮ್ಮನಿರುವುದು ದೈವವಲ್ಲ, ಅಲಕ್ಷ್ಯ.

ಸತ್ತವರು ಯಾರೆಂದೂ ನೋಡಿರಿ. ವಯನಾಡಿನಲ್ಲಿ ಚಹಾ ತೋಟದ ಕೂಲಿಕಾರರ ಸಾಲುಮನೆಗಳು ಹೊಳೆಯ ಅಂಚಿನಲ್ಲಿದ್ದವು. ಶಿರೂರಿನಲ್ಲಿ ಹೆದ್ದಾರಿ ಅಗಲಿಸಲು ಕಡಿದ ಗುಡ್ಡದ ಬುಡದಲ್ಲಿ ಒಂದು ಚಹದ ಅಂಗಡಿ ಇತ್ತು. ಅಂಗಡಿಯವನೂ ಅವನ ಮನೆಯವರೂ ಹೋದರು. ಅಲ್ಲಿ ದಣಿವಾರಿಸಿಕೊಳ್ಳಲು ನಿಂತ ಲಾರಿ ಚಾಲಕರು ಹೋದರು. ಕಟ್ಟಿಗೆ ಹೇರಿದ ಒಂದು ಲಾರಿ ಗಂಗಾವಳಿ ಹೊಳೆಯ ತಳದಲ್ಲಿ ಸಿಕ್ಕಿದ್ದು ಎರಡು ತಿಂಗಳು ದಾಟಿದ ಮೇಲೆ. ಗುಡ್ಡ ಹೊಳೆಗೆ ಬಿದ್ದ ರಭಸಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳನ್ನೂ ಹೊಡೆಯಿತು. ಒಬ್ಬ ಸಣ್ಣ ವ್ಯಾಪಾರಿ, ಕೆಲವರು ದುಡಿಯುವವರು, ಆಚೆ ದಡದ ಬಡವರು. ಇದೇ ಸಭೆಯ ಪಟ್ಟಿ ಓದಿದಂತಾಗುವುದಿಲ್ಲವೇ?

ಈಗ ಗಲ್ಲೆಯ ಪ್ರಶ್ನೆಗೆ ಬರೋಣ. ನಮ್ಮ ಪೇಟೆಯ ಸರಕು, ತರಕಾರಿ, ಹಾಲು ಗೋವಾಕ್ಕೆ ಇಳಿಯುವುದು ಚೋರ್ಲಾ ಮತ್ತು ಅನಮೋಡ ಘಾಟಿನಿಂದ. ರೈಲು ಇಳಿಯುವುದು ಲೋಂಡಾ, ಕ್ಯಾಸಲ್‌ರಾಕ್, ದೂಧಸಾಗರದಿಂದ. 2021ರ ಜುಲೈ 23ರಂದು ದೂಧಸಾಗರ ಮತ್ತು ಸೊನಾಲಿಂ ನಡುವೆ ಗುಡ್ಡ ಕುಸಿದು ಮಂಗಳೂರು-ಮುಂಬಯಿ ಗಾಡಿ ಹಳಿ ತಪ್ಪಿತು. ಪುಣ್ಯಕ್ಕೆ ಜೀವಹಾನಿ ಆಗಲಿಲ್ಲ. 2025ರ ಜುಲೈನಲ್ಲಿ ಅನಮೋಡ ಘಾಟಿನ ಹೆದ್ದಾರಿ ಗೋವೆಯ ಬದಿಗೆ ಕುಸಿದು ಭಾರೀ ವಾಹನಗಳನ್ನು ನಿಲ್ಲಿಸಬೇಕಾಯಿತು. ಘಾಟು ಮುಚ್ಚಿದ ದಿನ ಅಡತಿಯವನ ತರಕಾರಿ ಕೊಳೆಯುತ್ತದೆ, ಹಮಾಲನ ಬೆನ್ನಿಗೆ ಚೀಲವಿಲ್ಲ, ಸಂಜೆ ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸಬೇಕು. ಉದ್ರಿ ಬೆಳೆದರೆ ಕಿರಾಣಿಯವನೂ ಮುಳುಗುತ್ತಾನೆ. ಅದೇ ಗಲ್ಲೆಗೆ ಬೀಳುವ ಪೆಟ್ಟು. 2019ರ ಆಗಸ್ಟ್ ತಿಂಗಳ ಮಹಾಪೂರವನ್ನು ಬೆಳಗಾವಿ ಮರೆತಿಲ್ಲ. ಬಳ್ಳಾರಿ ನಾಲಾ ಉಕ್ಕಿ ಹರಿದದ್ದೂ ಮರೆತಿಲ್ಲ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸುಟ್ಟ ಗುಡ್ಡದ ಮಣ್ಣನ್ನು ಹೊತ್ತು ಖಾನಾಪುರ ದಾಟಿ ನವಿಲುತೀರ್ಥದ ಜಲಾಶಯಕ್ಕೆ ಒಯ್ದು ಹೂಳು ತುಂಬಿಸುತ್ತಾಳೆ. ಆ ನೀರನ್ನೇ ಹುಬ್ಬಳ್ಳಿ-ಧಾರವಾಡದ ಕಾಮಗಾರರು ಕುಡಿಯುತ್ತಾರೆ. ಗುಡ್ಡ ದೂರದಲ್ಲಿಲ್ಲ, ಬಂಧುಗಳೇ.

ಬೆಂಕಿ ಹಚ್ಚುವವರು ಯಾರು? ಘಟ್ಟದ ಕಾಡಿನಲ್ಲಿ ಬೆಂಕಿ ತಾನಾಗಿ ಹುಟ್ಟುವುದು ಅಪರೂಪ. ಎಸೆದ ಬೀಡಿ ತುಂಡು, ಹೊಸ ಹುಲ್ಲು ಚಿಗುರಲೆಂಬ ಆಸೆ, ಗೇರು ತೋಟದ ಕಸ ಸುಡುವುದು, ಶಿಕಾರಿ, ಮೋಜಿಗೆ ಬಂದವರ ಒಲೆ: ಹೀಗೆ ಹಲವು ಕೈಗಳಿವೆ. 2023ರ ಮಾರ್ಚದಲ್ಲಿ ಖಾನಾಪುರ ತಾಲೂಕಿಗೆ ಹೊಂದಿಕೊಂಡ ಗೋವೆಯ ಮ್ಹಾದೇಯಿ ಅಭಯಾರಣ್ಯದಲ್ಲಿ ದಿನಗಟ್ಟಲೆ ಬೆಂಕಿ ಉರಿದು, ಸೇನೆಯ ಹೆಲಿಕಾಪ್ಟರುಗಳಿಂದ ನೀರು ಸುರಿಯಬೇಕಾಯಿತು. ಬೆಂಕಿಗೆ ರಾಜ್ಯದ ಗಡಿ ಇಲ್ಲ; ಈಚೆಗೆ ನಮ್ಮ ಭೀಮಗಡ ಅಭಯಾರಣ್ಯ. ಹಾಗೆಂದು ಪ್ರತಿಯೊಂದು ಬೆಂಕಿಯ ದೋಷವನ್ನು ಕಾಡಿನೊಳಗಿನ ಬಡ ಹಳ್ಳಿಗನ ತಲೆಗೆ ಕಟ್ಟುವುದನ್ನು ನಾವು ಒಪ್ಪುವುದಿಲ್ಲ. ಬೆಂಕಿ ಕಂಡ ಕೂಡಲೇ ಸೊಪ್ಪಿನ ಟೊಂಗೆ ಹಿಡಿದು ಮೊದಲು ಓಡುವವನು ಅವನೇ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಬೆಂಕಿಯಲ್ಲಿ ಒಬ್ಬ ಅರಣ್ಯ ರಕ್ಷಕ ಪ್ರಾಣ ಕೊಟ್ಟ. ಕಾಡು ಕಾಯುವವರೂ ದುಡಿಯುವ ವರ್ಗದವರೇ. ತಪ್ಪು ಮಾಡಿದವನಿಗೆ ತಿಳಿವಳಿಕೆ ಬೇಕು, ಶಿಕ್ಷೆಯೂ ಬೇಕು. ಆದರೆ ಗುಡ್ಡದ ಬುಡ ಕಡಿದು ಗೋಡೆ ಕಟ್ಟದೆ ಬಿಟ್ಟ ಗುತ್ತಿಗೆದಾರನಿಗೂ ಅದೇ ನ್ಯಾಯ ಬೇಕು.

ಹಾಗಾದರೆ ಮಾಡತಕ್ಕದ್ದೇನು? ನಾವು ಮೂರು ಕಾಲಕ್ಕೆ ಮೂರು ಕೆಲಸ ಹೇಳುತ್ತೇವೆ.

ಮೊದಲನೆಯದು, ಈಗಿನಿಂದ ಮಿರ್ಗದವರೆಗೆ. ನಮ್ಮಲ್ಲಿ ಅನೇಕರ ಮನೆತನ ಜಾಂಬೋಟಿ, ಕಣಕುಂಬಿ, ಹೆಮ್ಮಡಗಾ, ಲೋಂಡಾ ಕಡೆಗಿದೆ. ರಜೆಗೆ ಊರಿಗೆ ಹೋದಾಗ ಹಿರಿಯರನ್ನು ಕೂಡಿಸಿ ಒಂದು ಕಾಗದದ ಮೇಲೆ ಗೆರೆ ಎಳೆಯಿರಿ: ಈ ಬೇಸಿಗೆಯಲ್ಲಿ ಎಲ್ಲಿ ಉರಿಯಿತು, ಹಿಂದಿನ ಮೂರು ನಾಲ್ಕು ವರ್ಷಗಳಲ್ಲಿ ಎಲ್ಲಿ ಉರಿದಿತ್ತು, ಅದರ ಕೆಳಗೆ ಯಾವ ಹಳ್ಳ, ಆ ಹಳ್ಳದ ಬಾಯಲ್ಲಿ ಯಾರ ಮನೆ. ಈ ನಕಾಶೆಯ ಒಂದು ಪ್ರತಿ ಗ್ರಾಮ ಪಂಚಾಯತಿಗೆ, ಒಂದು ತಹಶೀಲ್ದಾರರಿಗೆ. ಸುಟ್ಟ ಇಳಿಜಾರಿನಲ್ಲಿ ಅಡ್ಡಲಾಗಿ ಟೊಂಗೆ, ಕಲ್ಲು ಇಟ್ಟು ನೀರಿನ ಓಟ ಮುರಿಯಬಹುದು. ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಅವರನ್ನೂ ಜೊತೆಗೆ ಕರೆದುಕೊಂಡೇ ಈ ಕೆಲಸ ಮಾಡಬೇಕು. ಮೋರಿಗಳ ಬಾಯಲ್ಲಿ ಸಿಕ್ಕ ಮರ, ಪ್ಲಾಸ್ಟಿಕ್ಕು ತೆಗೆಯಬೇಕು. ಆದರೆ ಗುಡ್ಡದ ನೆತ್ತಿಯಲ್ಲಿ ತಿಳಿದಂತೆ ಇಂಗುಗುಂಡಿ ತೋಡಬೇಡಿರಿ. ತೀರ ಇಳಿಜಾರಿನಲ್ಲಿ ನೀರು ನಿಲ್ಲಿಸುವುದು ಗುಡ್ಡಕ್ಕೆ ಭಾರ ಹೇರಿದಂತೆ.

ಎರಡನೆಯದು, ಮಳೆ ಹತ್ತಿದ ಮೇಲೆ. ನೇರ ಬದಿಯ ಒಂದು ಡಬ್ಬಿಯನ್ನು ಬಯಲಲ್ಲಿಟ್ಟು ದಿನಾ ಮುಂಜಾನೆ ಪಟ್ಟಿಯಿಂದ ಅಳೆಯಿರಿ. ಶಾಲೆಯ ಹುಡುಗರೂ ಮಾಡಬಲ್ಲ ಕೆಲಸ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ. ಮುಟ್ಟಿದರೆ ಭಾರೀ ಮಳೆ, 115.6 ಮುಟ್ಟಿದರೆ ಅತಿ ಭಾರೀ, 204.4 ಮೀರಿದರೆ ಅದಕ್ಕೂ ಮೇಲಿನದು. ಎರಡು ಮೂರು ದಿನ ಬಿಡದೆ ಸುರಿದ ಮೇಲೆ ಮತ್ತೆ ಅತಿ ಭಾರೀ ಮಳೆಯ ಸೂಚನೆ ಬಂದರೆ ಹಳ್ಳದ ಬಾಯಿಯ ಮನೆಯವರು ಬೆಳಕಿರುವಾಗಲೇ ಶಾಲೆಗೋ ಗುಡಿಗೋ ಎತ್ತರದ ನೆಂಟರ ಮನೆಗೋ ಹೋಗಿ ಮಲಗಬೇಕು. ಮಾಳಿಣದ ಗುಡ್ಡ ಬೆಳಿಗ್ಗೆ, ವಯನಾಡಿನದು ಎಲ್ಲರೂ ಮಲಗಿದ್ದಾಗ ಬಂತು. ಒಂದು ರಾತ್ರಿ ವ್ಯರ್ಥವಾದರೆ ನಕ್ಕು ಮನೆಗೆ ಮರಳಬಹುದು. ಕಾಗದಪತ್ರ, ರೇಶನ್ ಕಾರ್ಡು, ಔಷಧ, ಬ್ಯಾಟರಿಗಳನ್ನು ಒಂದು ಚೀಲದಲ್ಲಿ ಕಟ್ಟಿಟ್ಟಿರಬೇಕು. ಮುದುಕರನ್ನು, ಬಾಣಂತಿಯರನ್ನು ಯಾರು ಹೊತ್ತು ನಡೆಯುವರೆಂಬುದು ಮೊದಲೇ ನಿರ್ಧಾರವಾಗಿರಬೇಕು. ದನಗಳನ್ನು ಕಟ್ಟಿಹಾಕಿ ಹೋಗಬಾರದು.

ಗುರುತುಗಳನ್ನೂ ಬಲ್ಲವರಾಗಿರಿ. ನೆಲದಲ್ಲಿ ಹೊಸ ಬಿರುಕು, ಬಾಗಿದ ಮರ ಅಥವಾ ಕಂಬ, ಇದ್ದಕ್ಕಿದ್ದಂತೆ ಬಿಗಿದುಕೊಂಡ ಬಾಗಿಲು, ಇಲ್ಲದ ಕಡೆ ಒಸರುವ ನೀರು. ಹಳ್ಳದ ನೀರು ಒಮ್ಮೆಲೇ ರಾಡಿಯಾದರೆ ಮೋಸ; ಮಳೆ ಸುರಿಯುತ್ತಿದ್ದರೂ ಒಮ್ಮೆಲೇ ಕಡಿಮೆಯಾದರೆ ಇನ್ನೂ ದೊಡ್ಡ ಮೋಸ, ಮೇಲೆಲ್ಲೋ ಕಟ್ಟಿಕೊಂಡಿದೆ ಎಂದರ್ಥ. ಗುಡುಗುಡು ಸಪ್ಪಳ ಕೇಳಿದರೆ ಹಳ್ಳದ ಗುಂಟ ಕೆಳಗೆ ಓಡಬೇಡಿರಿ. ರಾಡಿ ನಿಮಗಿಂತ ಜೋರಾಗಿ ಓಡುತ್ತದೆ. ಪಕ್ಕಕ್ಕೆ, ಎತ್ತರಕ್ಕೆ ಏರಿರಿ. ಸಾಮಾನು ತರಲು ತಿರುಗಿ ಹೋಗಬೇಡಿರಿ. 112ಕ್ಕೆ, ಇಲ್ಲವೇ ಜಿಲ್ಲೆಯ 1077ಕ್ಕೆ ಕೂಡಲೇ ತಿಳಿಸಿರಿ.

ಮೂರನೆಯದು ನಮ್ಮ ಪೇಟೆಯ ಕೆಲಸ. ಗೋದಾಮಿನ ಕೆಳಸಾಲಿನ ಚೀಲಗಳನ್ನು ಮಿರ್ಗದೊಳಗೆ ಹಲಗೆಯ ಮೇಲೆ ಎತ್ತಿ ಇಡೋಣ. ಅಂಗಡಿಯ ಮುಂದಿನ ಗಟಾರದಲ್ಲಿ ಕಸ ದೂಡುವುದನ್ನು ನಾವೇ ಮೊದಲು ಬಿಡೋಣ. ಪಾಲಿಕೆಯನ್ನು ಬಯ್ಯುವ ಹಕ್ಕು ಆಮೇಲೆ ಬರುತ್ತದೆ. ಘಾಟಿನಲ್ಲಿ ಎಚ್ಚರಿಕೆ ಇರುವ ರಾತ್ರಿ "ಹೇಗಾದರೂ ಬೆಳಗಿನೊಳಗೆ ಮುಟ್ಟಿಸು" ಎಂದು ಚಾಲಕನನ್ನು ಒತ್ತಾಯಿಸಬಾರದು. ಕಡಿದ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಬೇಡ ಎಂದು ಹೇಳಿ ಕಳಿಸಬೇಕು. ಒಂದು ದಿನದ ತರಕಾರಿಗಿಂತ ಒಬ್ಬ ಚಾಲಕನ ಜೀವ ಅಗ್ಗವಲ್ಲ. ಘಟ್ಟದ ಊರಿನ ಕಾಮಗಾರ ಆ ದಿನಗಳಲ್ಲಿ ಮನೆಯವರನ್ನು ಸಾಗಿಸಲು ರಜೆ ಕೇಳಿದರೆ ಮಾಲೀಕರು ಪಗಾರ ಕಡಿಯಬಾರದು.

ಸರಕಾರದ ಮುಂದೆ ನಮ್ಮ ಬೇಡಿಕೆ ಹೊಸದೇನಲ್ಲ. 2005ರ ವಿಪತ್ತು ನಿರ್ವಹಣಾ ಕಾಯದೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಪ್ರಾಧಿಕಾರವನ್ನು ಮಾಡಿದೆ. ಗಂಡಾಂತರ ಬಂದ ಮೇಲೆ ಪರಿಹಾರ ಹಂಚುವುದಷ್ಟೇ ಅಲ್ಲ, ಬರುವ ಮುಂಚೆ ತಡೆಯುವುದೂ ಅದರ ಕರ್ತವ್ಯ. ಆದುದರಿಂದ ಮೇ ತಿಂಗಳೊಳಗೆ ಖಾನಾಪುರ ತಾಲೂಕಿನ ಸುಟ್ಟ ಪ್ರದೇಶಗಳ ನಕಾಶೆ ಕನ್ನಡ, ಮರಾಠಿ ಎರಡರಲ್ಲೂ ಪ್ರತಿ ಪಂಚಾಯತಿಯ ಗೋಡೆಗೆ ಬರಲಿ. ಗುಡ್ಡದ ರಾಡಿ ಭಾಷೆ ಕೇಳಿ ಇಳಿಯುವುದಿಲ್ಲ. ಉಪಗ್ರಹ ಕಂಡ ಬೆಂಕಿಯ ಸುದ್ದಿ ಅರಣ್ಯ ಕಚೇರಿಗೆ ಮುಟ್ಟುವಂತೆ ಊರಿಗೂ ಮುಟ್ಟಲಿ. ಬೆಂಕಿ ಕಾವಲುಗಾರರಿಗೆ ಬೂಟು, ನೀರು, ವಿಮೆ, ತಿಂಗಳಿಗೆ ಸರಿಯಾಗಿ ಪಗಾರ ಸಿಗಲಿ. ಕಡಿದ ಗುಡ್ಡಗಳ ಪರೀಕ್ಷೆ ಮಳೆಗೆ ಮುಂಚೆ ಆಗಲಿ. ಆಶ್ರಯಕ್ಕೆ ಗುರುತಿಸಿದ ಶಾಲೆಯಲ್ಲಿ ಅಕ್ಕಿ, ತಾಡಪತ್ರಿ, ದೀಪ ಜುಲೈ ಒಂದಕ್ಕೇ ಇರಲಿ. "ಹೊರಟರೆ ಒಳ್ಳೆಯದು" ಎಂಬ ಅರ್ಧ ಮಾತು ಬೇಡ. "ಇಂಥ ಮನೆಯವರು, ಇಂಥ ಕಡೆ, ಇಷ್ಟು ಗಂಟೆಯೊಳಗೆ" ಎಂಬ ಪೂರ್ತಿ ಮಾತು ಬೇಕು.

ರಾಮಮನೋಹರ ಲೋಹಿಯಾ ಅವರು ಸಮಾಜವಾದಿಗೆ ಮೂರು ದಾರಿ ಹೇಳಿದ್ದರು: ಸಲಿಕೆ, ಮತ, ಸೆರೆಮನೆ. ಈ ಎರಡು ತಿಂಗಳು ಸಲಿಕೆಯ ಸರದಿ. ಬರುವ ರವಿವಾರದಿಂದ ಊರಿಗೆ ಹೋಗಬಲ್ಲವರ ಹೆಸರು ಬರೆದುಕೊಳ್ಳುತ್ತೇವೆ. ವ್ಯಾಪಾರಿಗಳು ಸಲಿಕೆ, ಬುಟ್ಟಿ, ಬಸ್ಸಿನ ಖರ್ಚು ಕೊಡಲಿ. ಮನವಿಗೆ ಉತ್ತರ ಬಾರದಿದ್ದರೆ ಮತದ ದಾರಿಯುಂಟು, ಸತ್ಯಾಗ್ರಹದ ದಾರಿಯೂ ಉಂಟು.

ನಮ್ಮನ್ನು ಪ್ರಶ್ನಿಸಿದ ಆ ವ್ಯಾಪಾರಸ್ಥರು ಇಲ್ಲೇ ಮುಂದೆ ಕುಳಿತಿದ್ದಾರೆ. ಮಿರ್ಗಕ್ಕೆ ಎರಡು ತಿಂಗಳು ಇದೆಯೆಂದೇ ಈ ಮಾತು ಈಗ, ಸಾಹುಕಾರರೇ. ಪುಷ್ಯ ಮಳೆಯಲ್ಲಿ ಈ ಸಭೆ ಕರೆದಿದ್ದರೆ ನಾವು ಮಾಡಬಹುದಾದದ್ದು ಹೆಣ ಹುಡುಕುವ ಕೆಲಸವೊಂದೇ.